ಬಟ್ಟಲಲ್ಲಿ ಬಂದ ಹೆಸರು

ನಮ್ಮ ಅಡುಗೆಮನೆಯ ಮೇಲಿನ ಶೆಲ್ಫಿನಲ್ಲಿ ಒಂದು ಸ್ಟೀಲ್ ಬಟ್ಟಲಿದೆ. ಅದರಲ್ಲಿ ಈಗ ರಬ್ಬರ್ ಬ್ಯಾಂಡು, ಪಿನ್ನು, ಎರಡು ತುಂಡು ಸೀಮೆಸುಣ್ಣ ಮತ್ತು ಯಾವ ಬೀಗದ್ದೆಂದು ಯಾರಿಗೂ ಗೊತ್ತಿಲ್ಲದ ಒಂದು ಬೀಗದ ಕೈ ಇವೆ. ಮೊನ್ನೆ ಜೇಡರಬಲೆ ಹೊಡೆಯುವಾಗ ಪೊರಕೆ ತಗುಲಿ ಅದು ಕೆಳಗೆ ಬಿತ್ತು. ಸದ್ದಿಗೆ ನಮ್ಮ ಮನೆಯವರು ಹೊರಗಿನಿಂದಲೇ "ಏನದು ಬಿದ್ದಿದ್ದು?" ಎಂದರು. "ನಾನೇ" ಎಂದೆ. ಸುಳ್ಳೇನಲ್ಲ. ಬಟ್ಟಲಿನ ಮೇಲೆ ಕೊರೆದಿರುವುದು ನನ್ನ ಹೆಸರೇ. ವನಜಾಜಿ.

ಈ ಹೆಸರಿನವರು ಇನ್ನೊಬ್ಬರು ನಿಮಗೆ ಗೊತ್ತಿದ್ದರೆ ದಯವಿಟ್ಟು ತಿಳಿಸಿ. ನಾವಿಬ್ಬರೂ ಒಂದು ಕಡೆ ಕುಳಿತು ಕಷ್ಟಸುಖ ಮಾತಾಡಿಕೊಳ್ಳುತ್ತೇವೆ. ವನದ ಜಾಜಿ, ಅಂದರೆ ಕಾಡುಜಾಜಿ ಎಂದು ಅರ್ಥ ಹೇಳಿಕೊಂಡು ನಾನು ಇಷ್ಟು ವರ್ಷ ಮೆರೆದಿದ್ದೇನೆ. ಹೊಸದುರ್ಗದ ಹೈಸ್ಕೂಲೊಂದರಲ್ಲಿ ಕನ್ನಡ ಟೀಚರ್ ನಾನು. ಅರ್ಥ ಹೇಳುವುದು, ಕಾಗುಣಿತ ತಿದ್ದುವುದು ನನ್ನ ಹೊಟ್ಟೆಪಾಡು. ಆದರೆ ನಿಮ್ಮ ಹತ್ತಿರ ಮುಚ್ಚಿಡುವುದೇನು, ನನ್ನ ಹೆಸರನ್ನು ಯಾರೂ ಅರ್ಥ ನೋಡಿ ಇಟ್ಟದ್ದಲ್ಲ. ಅದು ಈ ಬಟ್ಟಲಲ್ಲಿ ಬಂದದ್ದು.

ನನ್ನ ತವರು ಹೊಳಲ್ಕೆರೆ ತಾಲ್ಲೂಕಿನ ತಾಳ್ಯ. ಅಪ್ಪ ಗಂಗಾಧರಪ್ಪ ಪ್ರೈಮರಿ ಶಾಲೆಯ ಮೇಷ್ಟ್ರಾಗಿದ್ದರು. ನಾನು ಹುಟ್ಟಿದಾಗ ಅವರು ಆರಿಸಿಟ್ಟ ಹೆಸರು ವನಜಾ. ಲಕ್ಷಣವಾದ ಹೆಸರು, ಯಾರ ತಕರಾರೂ ಇರಲಿಲ್ಲ. ನಮ್ಮ ಮನೆತನದಲ್ಲಿ ಕೂಸಿನ ಕಿವಿಯಲ್ಲಿ ಹೆಸರು ಮೊದಲು ಹೇಳುವವಳು ಸೋದರತ್ತೆ. ಅವಳು ತೊಟ್ಟಿಲಿಗೆ ಬಗ್ಗಿ ಹೇಳುವಾಗ ಸುತ್ತ ನಿಂತ ಹೆಂಗಸರು ಅವಳ ಬೆನ್ನಿಗೆ ಗುದ್ದಬೇಕು. ಯಾಕೆ ಎಂದು ಕೇಳಬೇಡಿ. ಗುದ್ದು ಬಿದ್ದರೆ ಹೆಸರು ಗಟ್ಟಿಯಾಗಿ ಕೂರುತ್ತದಂತೆ. ಅತ್ತಿಗೆ ನಾದಿನಿಯರ ವರ್ಷಗಟ್ಟಲೆಯ ಸಿಟ್ಟು ಅವತ್ತು ಶಾಸ್ತ್ರದ ನೆಪದಲ್ಲಿ ತೀರುತ್ತದೆ ಎಂಬುದು ನನ್ನ ಅನುಮಾನ.

ನನ್ನ ಸೋದರತ್ತೆ ತಿಪ್ಪಮ್ಮ, ಅಪ್ಪನ ಅಕ್ಕ. ಅವಳನ್ನು ಹಿರಿಯೂರಿನ ಹತ್ತಿರದ ಆದಿವಾಲಕ್ಕೆ ಕೊಟ್ಟಿತ್ತು. ಶಾಲೆಯ ಮೆಟ್ಟಿಲು ಹತ್ತಿದವಳಲ್ಲ. ಕೂಸಿಗೆ ಬಟ್ಟಲು ಕೊಡುವುದು ಅವಳ ಪಾಲಿನ ಉಡುಗೊರೆ. ಆಗಿನ ಕಾಲಕ್ಕೆ ಸ್ಟೀಲ್ ಪಾತ್ರೆಗೆ ಈಗಿನ ಬೆಳ್ಳಿಯ ಮರ್ಯಾದೆ, ಅದರ ಮೇಲೆ ಹೆಸರು ಕೊರೆಸಿದರೆ ಇನ್ನೂ ಹೆಚ್ಚು. ಅಪ್ಪ ಒಂದು ಚೀಟಿಯಲ್ಲಿ ಹೆಸರು ಬರೆದು ಅತ್ತೆಗೆ ಕಳಿಸಿದರು. ನಮ್ಮ ಕೇರಿಯಲ್ಲಿ ಆಗಲೇ ಇನ್ನೊಬ್ಬಳು ವನಜಾ ಇದ್ದದ್ದರಿಂದ ನಾಳೆ ಬಟ್ಟಲು ಅದಲುಬದಲಾಗಬಾರದೆಂದು ಇನಿಷಿಯಲ್ಲನ್ನೂ ಸೇರಿಸಿದ್ದರು. ಗಂಗಾಧರಪ್ಪನ ಜಿ. ಚೀಟಿಯಲ್ಲಿ ಇದ್ದದ್ದು ಹೀಗೆ: ವನಜಾ. ಜಿ. ಮೇಷ್ಟ್ರಲ್ಲವೇ, ನಡುವಿನ ಚುಕ್ಕೆಯನ್ನು ಒತ್ತಿ ಇಟ್ಟಿದ್ದರಂತೆ.

ಹೆಸರಿಡುವ ದಿನ ಅತ್ತೆ ತೊಟ್ಟಿಲಿಗೆ ಬಗ್ಗಿದಳು, ನನ್ನ ಕಿವಿಯಲ್ಲಿ ಹೆಸರು ಹೇಳಿದಳು. ಗುದ್ದಲು ಕೈಗಳು ಇನ್ನೂ ಮೇಲೇಳುತ್ತಿದ್ದವು, ಅಷ್ಟರಲ್ಲಿ ಅಪ್ಪನ ಚುರುಕು ಕಿವಿಗೆ ಏನೋ ಬಿತ್ತು.

"ಏನಂದೆ ಅಕ್ಕಾ?"

"ವನಜಾಜಿ."

"ವನಜಾ."

"ವನಜಾಜಿ ಕಣಪ್ಪ. ಬಟ್ಲ ಮ್ಯಾಲೂ ಹಂಗೇ ಐತೆ, ನೋಡು ಬೇಕಾದ್ರೆ."

ಅಪ್ಪ ಬಟ್ಟಲು ಕೈಗೆ ತಗೊಂಡು ನೋಡಿದರು. ವನಜಾಜಿ. ನಾಲ್ಕು ಅಕ್ಷರವೂ ಒಂದಕ್ಕೊಂದು ಅಂಟಿಕೊಂಡು ಕೂತಿದ್ದವು. "ನಡುವೆ ಒಂದು ಚುಕ್ಕಿ ಇಟ್ಟಿದ್ನಲ್ಲ, ಆ ಚುಕ್ಕಿ ಎಲ್ಲಿ? ಓದಾಕೆ ಬರ್ದೋರ ಕೈಗೆ ಚೀಟಿ ಕೊಟ್ಟಿದ್ದು ನಂದೇ ತಪ್ಪು!" ಎಂದು ಬಂದ ಜನರ ಎದುರೇ ಹಾರಾಡಿದರು. ಅತ್ತೆ ತಲೆ ತಗ್ಗಿಸಿ ನಿಂತಳು. ಕೊನೆಗೆ ತೀರ್ಪು ಕೊಟ್ಟವಳು ನನ್ನಜ್ಜಿ.

"ಕೊರೆದ ಬಟ್ಲು ಅಂಗಡಿಯೋನು ವಾಪಸ್ ತಗಂತಾನೇನಪ್ಪ? ಕೂಸಿನ ಹೆಸ್ರು ಇನ್ನೂ ಹಸೀದು. ಅದ್ನೇ ಬದಲಾಯಿಸ್ರಿ."

ಇಷ್ಟೇ ನೋಡಿ. ಒಂದು ಬಟ್ಟಲು ಹಾಳಾಗಬಾರದೆಂದು ನಾನು ವನಜಾಜಿಯಾದೆ. ಆ ಗದ್ದಲದಲ್ಲಿ ಅತ್ತೆಯ ಬೆನ್ನಿಗೆ ಗುದ್ದುವುದನ್ನೇ ಎಲ್ಲರೂ ಮರೆತರಂತೆ. ನನ್ನ ಹೆಸರು ಆಮೇಲೆ ಎಲ್ಲಿಯೂ ಗಟ್ಟಿಯಾಗಿ ಕೂರದಿದ್ದದ್ದಕ್ಕೆ ಅದೇ ಕಾರಣ ಎಂದು ಅವ್ವ ಕೊನೆಯವರೆಗೂ ಹೇಳುತ್ತಿದ್ದಳು.

ಕೂರಲಿಲ್ಲ ಎಂಬುದಂತೂ ನಿಜ. ಒಂದನೇ ಕ್ಲಾಸಿನಲ್ಲೇ ನಾನು ‘ವನಜಜ್ಜಿ’ ಆದೆ. ಆರು ವರ್ಷದ ಹುಡುಗಿಯನ್ನು ಅಜ್ಜಿ ಅಂದರೆ ಹೇಗಿರಬೇಡ! ಅಲ್ಲಿಂದ ಮೇಲಿನ ಕ್ಲಾಸಿಗೆ ಹೋದಂತೆ ಹುಡುಗರ ಭೂಗೋಳ ಜ್ಞಾನವೂ ಬೆಳೆದು, ನಮ್ಮ ತಾಲ್ಲೂಕಿನದೇ ರೈಲ್ವೆ ಸ್ಟೇಷನ್ನಿನ ನೆನಪಾಗಿ ‘ಚಿಕ್ಕಜಾಜೂರು ಜಂಕ್ಷನ್’ ಆದೆ. ನಾನು ಬರುವುದು ಕಂಡರೆ ಹಿಂದಿನ ಬೆಂಚಿನವರು ಕೂ ಎಂದು ಸಿಳ್ಳೆ ಹಾಕುತ್ತಿದ್ದರು. ಮಾರ್ಕ್ಸ್ ಕಾರ್ಡಿನಲ್ಲಿ ಅಪ್ಪನ ಇನಿಷಿಯಲ್ ಸೇರಿ ‘ವನಜಾಜಿ ಜಿ.’ ಎಂದು ಬಂದಾಗ, ಗುಮಾಸ್ತರೊಬ್ಬರು ಕೈ ತಪ್ಪಿ ಎರಡು ಸಲ ಬಿದ್ದಿದೆ ಎಂದು ಒಂದನ್ನು ಹೊಡೆದುಹಾಕಿದರು. ಕೆಲಸಕ್ಕೆ ಸೇರಿದ ಮೇಲೆ ಬ್ಯಾಂಕಿಗೆ ಉತ್ತರದ ಕಡೆಯ ಮ್ಯಾನೇಜರ್ ಬಂದರು. ತುಂಬ ವಿನಯವಂತರು. ನನ್ನ ಹೆಸರಿನ ಕೊನೆಯ ಅಕ್ಷರವನ್ನು ಮರ್ಯಾದೆಯ ‘ಜೀ’ ಎಂದು ತಿಳಿದು, ಅದನ್ನು ಬರವಣಿಗೆಯಲ್ಲಿ ಬಿಟ್ಟು, ಮಾತಿನಲ್ಲಿ ಮಾತ್ರ ಎಳೆದು ಎಳೆದು ಕರೆಯುತ್ತಿದ್ದರು. ಈಗ ಪಾರ್ಸೆಲ್ ತರುವ ಹುಡುಗರು ಗೇಟಿನ ಹೊರಗೆ ನಿಂತು "ವನಜ ಅಜ್ಜಿ ಮನೆ ಇದೇನಾ?" ಎಂದು ಕೂಗುತ್ತಾರೆ. ಹೊರಗೆ ಬರುತ್ತೇನೆ. ನನ್ನ ತಲೆಯ ಬಿಳಿ ಕೂದಲು ನೋಡಿ ಅವರಿಗೆ ಯಾವ ಅನುಮಾನವೂ ಉಳಿಯುವುದಿಲ್ಲ.

ಇಷ್ಟಾದರೂ ಅತ್ತೆಯ ಮೇಲೆ ನನಗೆ ಯಾವತ್ತೂ ಸಿಟ್ಟು ಬಂದದ್ದಿಲ್ಲ. ಸಿಟ್ಟಿಗಿಂತ ಕೆಟ್ಟದ್ದೊಂದು ಬಂದಿತ್ತು, ಅದು ದೊಡ್ಡಸ್ತಿಕೆ. ಪಾಪ, ಓದು ಬರದ ಹೆಂಗಸು, ಆಕೆಗೇನು ಗೊತ್ತು ಚುಕ್ಕೆಯ ಬೆಲೆ ಎಂದುಕೊಂಡು ನಾನು ಉದಾರವಾಗಿ ಕ್ಷಮಿಸಿಬಿಟ್ಟಿದ್ದೆ. ಕ್ಷಮಿಸಿದ್ದನ್ನು ಆಗಾಗ ಹೇಳುತ್ತಲೂ ಇದ್ದೆ. ಮನೆಯ ಪ್ರತಿಯೊಂದು ತೊಟ್ಟಿಲ ಶಾಸ್ತ್ರದಲ್ಲೂ ಅಪ್ಪ ಈ ಕಥೆ ತೆಗೆದು, "ನಮ್ಮಕ್ಕ ಚುಕ್ಕಿ ನುಂಗಿದ ಕಥೆ ಗೊತ್ತೇನ್ರಿ?" ಎಂದು ಬಂದವರಿಗೆಲ್ಲ ಬಡಿಸುತ್ತಿದ್ದರು. ಆಗ ನಾನು ಅತ್ತೆಯ ಕೈ ಹಿಡಿದು "ಹೋಗ್ಲಿ ಬಿಡು ಅತ್ತೆ, ನಂಗೇನು ಬೇಜಾರಿಲ್ಲ" ಅನ್ನುತ್ತಿದ್ದೆ. ಅತ್ತೆ ಸೆರಗು ಬಾಯಿಗೆ ಅಡ್ಡ ಹಿಡಿದು ಸುಮ್ಮನಿರುತ್ತಿದ್ದಳು. ನಾಚಿಕೆಯೆಂದು ನಾನು ತಿಳಿದಿದ್ದೆ. ನಾಲ್ಕೈದು ವರ್ಷದಿಂದ ಅವಳು ಇಂಥ ಶಾಸ್ತ್ರಗಳಿಗೆ ಬರುವುದನ್ನೇ ಬಿಟ್ಟಿದ್ದಳು. ಮಂಡಿನೋವು ಎನ್ನುತ್ತಿದ್ದಳು.

ಈಗ ಬಟ್ಟಲು ಬಿದ್ದದ್ದು ಯಾಕೆ ನೆನಪಾಯಿತೆಂದರೆ, ಅದು ಬಿದ್ದ ವಾರವೇ ನಾನು ಒಂದು ಹೆಸರಿಗಾಗಿ ಒದ್ದಾಡುತ್ತಿದ್ದೆ. ನನ್ನ ತಮ್ಮ ಮಂಜುಗೆ ಹೆಣ್ಣು ಮಗು ಹುಟ್ಟಿದೆ. ಮದುವೆಯಾಗಿ ಒಂಬತ್ತು ವರ್ಷದ ಮೇಲೆ ಹುಟ್ಟಿದ ಕೂಸು. ತಾಳ್ಯದ ಮನೆಯಲ್ಲಿ ಎಲ್ಲರೂ ಒಂದು ಗೇಣು ಎತ್ತರದಲ್ಲಿ ಓಡಾಡುತ್ತಿದ್ದರು. ಬಾಣಂತನ ಮುಗಿಸಿಕೊಂಡು ಬಂದ ಅವನ ಹೆಂಡತಿ ಶಿಲ್ಪ ನನ್ನನ್ನು ಕೂರಿಸಿಕೊಂಡು ಮೆಲ್ಲಗೆ ಹೇಳಿದಳು: "ಅಕ್ಕಾ, ಹೆಸರು ನೀವೇ ಹುಡುಕ್ಬೇಕು. ಬೇರೆ ಥರ ಇರ್ಬೇಕು, ಆದ್ರೆ ವಿಚಿತ್ರ ಇರ್ಬಾರ್ದು."

"ಯಾಕಮ್ಮ, ಶಿಲ್ಪ ಅಂತ ಚೆಂದ ಇಲ್ವ?"

"ನಮ್ಮ ಕ್ಲಾಸ್ನಾಗೆ ಐದು ಜನ ಶಿಲ್ಪ ಇದ್ವಿ ಅಕ್ಕಾ. ನಾನು ಶಿಲ್ಪ ಟಿ. ಹೆಸರೇ ಬಿಟ್ಟು ಎಲ್ರೂ ‘ಟಿ ಬಂದ್ಲು, ಟಿ ಹೋದ್ಲು’ ಅಂತಿದ್ರು. ನನ್ನ ಮಗಳು ಇನಿಷಿಯಲ್ ಆಗ್ಬಾರ್ದು."

ಅವಳು ನಗುತ್ತ ಹೇಳಿದರೂ ಕಣ್ಣು ನಗುತ್ತಿರಲಿಲ್ಲ. ಇದು ನನಗೆ ಚೆನ್ನಾಗಿ ಅರ್ಥವಾಗುವ ಮಾತು. ಕೆಲಸಕ್ಕೆ ಸೇರಿದ ಮೊದಲ ವರ್ಷ ನನ್ನ ಕ್ಲಾಸಿನಲ್ಲಿ ನಾಲ್ವರು ತಿಪ್ಪೇಸ್ವಾಮಿಗಳಿದ್ದರು. ಹೆಸರು ಕರೆದರೆ ನಾಲ್ಕು ತಲೆ ಒಟ್ಟಿಗೆ ಏಳುತ್ತಿದ್ದವು, ತಪ್ಪು ಮಾಡಿದ್ದು ಯಾರೆಂದು ಕೇಳಿದರೆ ನಾಲ್ಕೂ ಒಟ್ಟಿಗೆ ತಗ್ಗುತ್ತಿದ್ದವು. "ಭಾನುವಾರದ ತೊಟ್ಟಿಲ ಶಾಸ್ತ್ರದ ಹೊತ್ತಿಗೆ ಹೆಸರು ತರೋ ಜವಾಬ್ದಾರಿ ನಂದು" ಎಂದು ಎದೆ ತಟ್ಟಿ ಹೇಳಿಬಿಟ್ಟೆ. ಹೇಳುವುದೇನು, ಹೇಳಿಬಿಟ್ಟೆ.

ಮೊದಲು ಪಂಚಾಂಗ ನೋಡಿಸಿದೆವು. ಹಸ್ತಾ ನಕ್ಷತ್ರ, ನಾಲ್ಕನೇ ಪಾದ, ಹೆಸರು ‘ಠ’ ಅಕ್ಷರದಿಂದ ಬರಬೇಕು ಎಂದರು. ಇಪ್ಪತ್ತು ವರ್ಷ ಕನ್ನಡ ಪಾಠ ಮಾಡಿದ ನಾನು ಆ ಅಕ್ಷರದ ಮುಂದೆ ಮಂಡಿಯೂರಿದೆ. ಠಕ್ಕ, ಠೇವಣಿ, ಠಸ್ಸೆ. "ಠಾಣೆ ಅಂತ ಇಡಾಣ ಬಿಡಕ್ಕ, ಯಾರೂ ತಂಟೆಗೆ ಬರಲ್ಲ" ಎಂದ ಮಂಜು. ಪುಣ್ಯಕ್ಕೆ ಅಪ್ಪನೇ, "ಆ ಅಕ್ಷರ ಪಂಚಾಂಗದಾಗೇ ಇರ್ಲಿ, ಕರೆಯೋ ಹೆಸ್ರು ನಮ್ಮಿಷ್ಟ" ಎಂದು ಬಿಡುಗಡೆ ಮಾಡಿದರು.

ಆಮೇಲೆ ಶಿಲ್ಪಳ ಮೊಬೈಲಿನಲ್ಲಿ ಬಂದ ಹೆಸರುಗಳು. ಕೆಲವನ್ನು ಓದಿದರೆ ಮಗುವಿನದೋ ಔಷಧದ್ದೋ ಗೊತ್ತಾಗುತ್ತಿರಲಿಲ್ಲ. ನಾನು ನನ್ನದೇ ಪರೀಕ್ಷೆಗಳನ್ನು ಇಟ್ಟುಕೊಂಡೆ. ಹಲ್ಲಿಲ್ಲದವರ ಬಾಯಲ್ಲಿ ಹೊರಡಬೇಕು. ಸಿಟ್ಟು ಬಂದಾಗ ಬೈಯಲು ಬರಬೇಕು, ಏಕೆಂದರೆ ಹೆಸರಿನ ಅರ್ಧ ಆಯುಸ್ಸು ಬೈಗುಳದಲ್ಲೇ ಕಳೆಯುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ ಹಿತ್ತಲಲ್ಲಿ ನಿಂತು ಕೂಗಿದರೆ ಆಚೆ ಹೊಲದವರೆಗೆ ಮುಟ್ಟಬೇಕು. ಹೀಗಾಗಿ ಒಂದು ಬೆಳಿಗ್ಗೆ ತಾಳ್ಯದ ಮನೆಯ ಹಿತ್ತಲಿಗೆ ಹೋಗಿ, ಕೈ ಬಾಯಿಗೆ ಅಡ್ಡ ಹಿಡಿದು, "ಋತ್ವಿಕಾ!" ಎಂದು ಕೂಗಿದೆ. ಶಬ್ದ ಬೇಲಿಯ ಈಚೆಗೇ ಬಿದ್ದುಹೋಯಿತು. "ಪ್ರಜ್ಞಾ!" ಎಂದೆ. ಸೀನಿದಂತಾಯಿತು. "ಮಂದಾರಾ!" ಎಂದೆ. ಪಕ್ಕದ ಮನೆಯ ಹಾಲಮ್ಮ ಬೇಲಿಯ ಮೇಲೆ ತಲೆ ಹಾಕಿದಳು.

"ಏನು ಕಳ್ಕಂಡ್ರಿ ಟೀಚರಮ್ಮ? ಎಮ್ಮೇನಾ?"

"ಇಲ್ಲ ಹಾಲಮ್ಮ, ಕೂಸಿಗೆ ಹೆಸರು ಹುಡುಕ್ತಿದೀನಿ."

"ಹಿತ್ಲಾಗೆ ಸಿಗ್ತೈತೇನ್ರಿ?" ಎಂದು ಅವಳು ನಕ್ಕು ಒಳಗೆ ಹೋದಳು. ಮಧ್ಯಾಹ್ನದ ಹೊತ್ತಿಗೆ ಟೀಚರಮ್ಮ ಬಿಸಿಲಿಗೆ ಒಂಥರಾ ಆಗಿದ್ದಾಳೆ ಎಂದು ಕೇರಿಗೆಲ್ಲ ಸುದ್ದಿ ಮುಟ್ಟಿತ್ತು. ನಾನು ಕೂಗಿದ ಯಾವ ಹೆಸರೂ ಅಷ್ಟು ದೂರ ಮುಟ್ಟಿರಲಿಲ್ಲ.

ಶನಿವಾರ ಬಂದರೂ ಹೆಸರು ಬರಲಿಲ್ಲ. ಶಿಲ್ಪ ಏನೂ ಕೇಳುತ್ತಿರಲಿಲ್ಲ, ದಿನಕ್ಕೆ ಮೂರು ಸಲ ಫೋನ್ ಮಾಡಿ "ಊಟ ಆಯ್ತಾ ಅಕ್ಕಾ?" ಅನ್ನುತ್ತಿದ್ದಳು. ಆ ಊಟದ ಪ್ರಶ್ನೆಗೆ ನನಗೆ ಬೆವರು ಬರುತ್ತಿತ್ತು. ಒಂಬತ್ತು ವರ್ಷ ಕಾದ ತಾಯಿಗೆ ಒಂದು ಹೆಸರು ತಂದುಕೊಡಲಾಗದಿದ್ದರೆ ನಾನೆಂಥ ಕನ್ನಡ ಟೀಚರು, ಎಂಥ ಸೋದರತ್ತೆ? ಕೊನೆಗೆ ಹೆಸರಿಲ್ಲದಿದ್ದರೆ ಬಟ್ಟಲಾದರೂ ಇರಲಿ, ಜೊತೆಗೆ ಮಂಡಿನೋವಿನ ಅತ್ತೆಯನ್ನೂ ಈ ಸಲ ಎಬ್ಬಿಸಿಕೊಂಡು ಹೋಗೋಣ ಎಂದುಕೊಂಡು, ನನ್ನ ಹಳೆಯ ಬಟ್ಟಲನ್ನು ಅಳತೆಗೆಂದು ಚೀಲಕ್ಕೆ ಹಾಕಿಕೊಂಡು ಆದಿವಾಲಕ್ಕೆ ಹೋದೆ.

ಅತ್ತೆ ಜಗಲಿಯ ಮೇಲೆ ಕುಳಿತು ಶೇಂಗಾ ಬಿಡಿಸುತ್ತಿದ್ದಳು. ಎಂಬತ್ತು ದಾಟಿದೆ, ಬೆರಳು ಮಾತ್ರ ಇನ್ನೂ ಚುರುಕು. ವಿಷಯ ಹೇಳಿದೆ.

"ನಾನು ಬರಲ್ಲ ಕಣೆ. ನಿಮ್ಮಪ್ಪ ಮತ್ತೆ ಚುಕ್ಕಿ ಪುರಾಣ ತೆಗೀತಾನೆ."

"ತೆಗೀಲಿ ಬಿಡು. ನಾನಿಲ್ವ? ನೀನು ಗೊತ್ತಿಲ್ದೆ ಮಾಡಿದ್ದು, ನಂಗೇನು ಬೇಜಾರಿಲ್ಲ ಅಂತ ಎಷ್ಟು ಸಲ ಹೇಳಿಲ್ಲ?"

ಅತ್ತೆ ಕೈಯಲ್ಲಿದ್ದ ಶೇಂಗಾ ಮೊರಕ್ಕೆ ಸುರಿದಳು. ಆಮೇಲೆ ಮಡಿಲು ಕೊಡವಿ ಎದ್ದಳು. "ನಡಿ, ಹೋಗಾಣ. ಬಟ್ಲು ನಾನೇ ಆರಿಸ್ತೀನಿ." ಮಂಡಿನೋವು ಎಲ್ಲಿ ಹೋಯಿತೋ ಕಾಣೆ.

ಹಿರಿಯೂರಿನಲ್ಲಿ ನನ್ನ ಬಟ್ಟಲು ಕೊಂಡ ಅದೇ ಪಾತ್ರೆ ಅಂಗಡಿ ಇನ್ನೂ ಇದೆ. ಆಗ ಕೊರೆದ ಯಜಮಾನರು ಈಗಿಲ್ಲ, ಅವರ ಮೊಮ್ಮಗ ಕೂರುತ್ತಾನೆ. ಸಣ್ಣ ಉಳಿ ಸುತ್ತಿಗೆಯ ಜಾಗದಲ್ಲಿ ಗುಂಯ್‌ಗುಡುವ ಮಷೀನು ಬಂದಿದೆ. "ಕುಂತ್ಕಳ್ರಿ ಅಜ್ಜಿ" ಎಂದು ಅವನು ಸ್ಟೂಲು ಕೊಟ್ಟ. ಅತ್ತೆ ಹತ್ತಾರು ಬಟ್ಟಲುಗಳನ್ನು ಬೆರಳಲ್ಲಿ ತಟ್ಟಿ, ಸದ್ದು ಕೇಳಿ, ಒಂದನ್ನು ಆರಿಸಿದಳು. ನಾನು ಅಳತೆಗೆ ತಂದ ಹಳೆಯ ಬಟ್ಟಲನ್ನು ಪಕ್ಕದಲ್ಲಿಟ್ಟೆ. ಅವನು ಅದನ್ನು ತಿರುಗಿಸಿ ನೋಡಿ, "ಇದು ನಮ್ಮ ತಾತನ ಕೈ ಮೇಡಂ. ವ-ನ-ಜಾ-ಜಿ. ಎಷ್ಟು ಚೆಂದ ಐತೆ ಹೆಸ್ರು" ಎಂದ.

"ಚೆಂದ ಏನು ಬಂತಪ್ಪ, ತಪ್ಪಾಗಿ ಬಿದ್ದಿದ್ದು" ಎಂದು ನಾನು ನನ್ನ ಹಳೇ ಕಥೆ ಶುರುಮಾಡಿದೆ. "ಪಾಪ, ನಮ್ಮತ್ತೆಗೆ ಓದೋಕೆ ಬರಲ್ಲ ನೋಡು, ನಡುವೆ ಇದ್ದ ಚುಕ್ಕೆ..."

"ಓದಾಕೆ ಬರಲ್ಲ, ನಿಜ" ಎಂದಳು ಅತ್ತೆ. "ಕೇಳಾಕೂ ಬರಲ್ಲ ಅಂದ್ಕಂಡ್ರೇನು ನೀವೆಲ್ಲ?"

ನಾನು ಅವಳ ಕಡೆ ತಿರುಗಿದೆ.

"ಈ ಹುಡುಗನ ತಾತ ಚೀಟಿ ನೋಡಿ, ‘ಅಕ್ಕಾ, ನಡುವೆ ಒಂದು ಚುಕ್ಕಿ ಐತೆ. ಹಾಕಿದ್ರೆ ವನಜಾ, ಆಮೇಲೆ ಜಿ. ಬ್ಯಾರೆ ಬ್ಯಾರೆ. ಬಿಟ್ರೆ ವನಜಾಜಿ ಅಂತ ಒಂದೇ ಆಗ್ತೈತೆ. ಹಾಕ್ಲಾ ಬಿಡ್ಲಾ?’ ಅಂತ ಕೇಳಿದ್ರು. ವನಜಾಜಿ. ಬಾಯಾಗೆ ಎರಡು ಸಲ ಹೇಳ್ಕಂಡೆ ಕಣೆ. ಚೆಂದ ಅನ್ನಿಸ್ತು. ‘ಬಿಡ್ರಿ’ ಅಂದೆ."

"ಅಂದ್ರೆ... ಬೇಕಂತ?"

"ಹೂಂ."

"ಯಾಕೆ ಅತ್ತೆ?"

ಅತ್ತೆ ಹಳೆಯ ಬಟ್ಟಲನ್ನು ಮಡಿಲಿಗೆ ತಗೊಂಡಳು. "ತಾಳ್ಯದಾಗೆ ನಾವು ಎಷ್ಟು ಜನ ತಿಪ್ಪಮ್ಮಗಳು ಅಂತ ಗೊತ್ತೇನು? ದೊಡ್ಡ ತಿಪ್ಪಮ್ಮ, ಮೂಲೆಮನೆ ತಿಪ್ಪಮ್ಮ, ಕರೇ ತಿಪ್ಪಮ್ಮ, ನಾನು ಸಣ್ಣ ತಿಪ್ಪಮ್ಮ. ಆದಿವಾಲಕ್ಕೆ ಬಂದ್ರೆ ನಮ್ಮತ್ತೆ ಹೆಸ್ರೂ ತಿಪ್ಪಮ್ಮ. ಅತ್ತೆ ಹೆಸ್ರು ಹಿಡಿದು ಸೊಸೇನ ಕೂಗಂಗಿಲ್ಲ ಅಂತ ನಾನು ‘ತಾಳ್ಯದೋಳು’ ಆದೆ. ಅವತ್ತಿಂದ ನನ್ನ ಹೆಸ್ರಿಡಿದು ಯಾರೂ ಕರೀಲಿಲ್ಲ. ನಿನ್ನ ಹೆಸ್ರು ಕೇಳ್ದಾಗ, ನಿಮ್ಮ ಕೇರಿನಾಗೇ ಇನ್ನೊಬ್ಳು ವನಜ ಅದಾಳೆ, ನಾಳೆ ನೀನು ಸಣ್ಣ ವನಜ ಆಗ್ತೀಯ ಅನ್ನಿಸ್ತು. ನನ್ನ ಸೋದರಸೊಸೆ ಒಬ್ಳಿಗಾದ್ರೂ ಕೂಗಿದ್ರೆ ಒಬ್ಳೇ ತಿರುಗಿ ನೋಡಂಥ ಹೆಸ್ರು ಇರ್ಲಿ ಅಂತ ಬಿಡಿಸ್ದೆ."

"ಇಷ್ಟು ವರ್ಷ ಎಲ್ರೂ ಆಡ್ಕೊಂಡ್ರೂ ಹೇಳ್ಲೇ ಇಲ್ವಲ್ಲ ನೀನು?"

"ಗೊತ್ತಿಲ್ದೆ ಮಾಡಿದ್ಲು ಅಂದ್ರೆ ಬೈದು ನಕ್ಕು ಬಿಡ್ತಾರೆ. ಬೇಕಂತ ಮಾಡಿದ್ಲು ಅಂದಿದ್ರೆ ನಿಮ್ಮಪ್ಪ ಆ ವಯಸ್ಸಿನ ಸಿಟ್ಟಿಗೆ ತವರಿನ ಬಾಗ್ಲೇ ಹಾಕ್ತಿದ್ದ. ನೀನೂ ಬಂದು ಬಂದು ‘ಬೇಜಾರಿಲ್ಲ, ಬೇಜಾರಿಲ್ಲ’ ಅಂತಿದ್ಯಲ್ಲ. ನಂಗೆ ನಗು ತಡ್ಯಾಕೆ ಆಗ್ತಿರ್ಲಿಲ್ಲ ಕಣೆ."

ಸೆರಗು ಬಾಯಿಗೆ ಅಡ್ಡ ಹಿಡಿಯುತ್ತಿದ್ದದ್ದು ಇದಕ್ಕೆ! ನಾನು ಕ್ಷಮಿಸುತ್ತ ಬಂದೆ, ಅವಳು ನಗುತ್ತ ಬಂದಳು. ಕಾಗುಣಿತದ ತಪ್ಪು ಹುಡುಕಿ ಸಂಬಳ ತಗೊಳ್ಳುವ ನನಗೆ, ನನ್ನ ಹೆಸರಿನಲ್ಲಿ ತಪ್ಪೇ ಇರಲಿಲ್ಲ ಎಂಬುದು ಅಕ್ಷರ ಬರದ ಅತ್ತೆಯಿಂದ ಗೊತ್ತಾಗಬೇಕಾಯಿತು. ಆ ಅಂಗಡಿಯಲ್ಲಿ, ಕೊಡಪಾನಗಳ ಸಾಲಿನ ನಡುವೆ, ನನಗೆ ಅಳು ಬಂತು. ಜೊತೆಗೇ ನಗುವೂ ಬಂತು. ಅತ್ತೆಯನ್ನು ತಬ್ಬಿಕೊಂಡೆ. ಒಂದು ಕೊಡಪಾನ ಉರುಳಿಬಿತ್ತು.

ಅಂಗಡಿಯ ಹುಡುಗ ಅದನ್ನು ಎತ್ತಿಟ್ಟು, ಮಷೀನು ಹಿಡಿದು ಕಾದ. "ಮೇಡಂ, ಹೊಸದ್ರಾಗೆ ಏನು ಕೊರೀಲಿ?"

ನನ್ನ ಬಾಯಿಂದ ತಾನಾಗಿ ಬಂತು. "ಚುಕ್ಕಿ."

"ಎಲ್ಲಿ ಇಡ್ಲಿ? ಈ ಹಳೇದ್ರಾಗಾ, ಜಾ ಪಕ್ಕದಾಗೆ?" ಎಂದು ಅವನು ಅತ್ತೆಯ ಮಡಿಲಿಂದ ನನ್ನ ಬಟ್ಟಲು ಎತ್ತಿಕೊಂಡು ಮಷೀನು ಚಾಲೂ ಮಾಡಿಯೇಬಿಟ್ಟ. ಇಬ್ಬರೂ ಹೋ ಎಂದು ಹಾರಿ ಬಟ್ಟಲು ಕಿತ್ತುಕೊಂಡೆವು. ಇನ್ನೊಂದು ಗಳಿಗೆ ತಡವಾಗಿದ್ದರೆ ಈ ವಯಸ್ಸಿನಲ್ಲಿ ನಾನು ವನಜಾ ಆಗಿಬಿಡುತ್ತಿದ್ದೆ.

"ಚುಕ್ಕಿ ಇಡೋದಲ್ಲಪ್ಪ. ಹೊಸ ಬಟ್ಟಲಲ್ಲಿ ಚುಕ್ಕಿ ಅಂತ ಬರಿ. ಹೆಸರು ಅದು."

ಅತ್ತೆ ನನ್ನ ಕೈ ಹಿಡಿದಳು. "ಚುಕ್ಕಿ" ಎಂದು ಬಾಯಲ್ಲಿ ಎರಡು ಸಲ ಹೇಳಿಕೊಂಡಳು, ಆವತ್ತು ನನ್ನದನ್ನು ಹೇಳಿಕೊಂಡಂತೆಯೇ ಇರಬೇಕು. ಅವಳ ಬಾಯಲ್ಲಿ ಉಳಿದ ಮೂರು ಹಲ್ಲಿಗೂ ಏನೂ ತೊಡಕಾಗಲಿಲ್ಲ.

ಆದರೆ ಮಗುವಿನ ತಾಯಿ ಒಪ್ಪಬೇಕಲ್ಲ? ಅಲ್ಲಿಂದಲೇ ಫೋನ್ ಮಾಡಿ, ಸ್ಪೀಕರ್ ಹಾಕಿ ಹೆಸರು ಹೇಳಿದೆ. ಕಾರಣ ನಾಳೆ ಹೇಳುತ್ತೇನೆ ಎಂದೆ. "ಒಂದ್ನಿಮಿಷ ಅಕ್ಕಾ" ಎಂದಳು ಶಿಲ್ಪ. ಬಾಗಿಲು ಕಿರ್ ಎಂದಿತು, ಹಿತ್ತಲಿಗೆ ಹೋದಳು. ಆಮೇಲೆ ಫೋನಿನ ತುಂಬ ಅವಳ ದನಿ: "ಚುಕ್ಕೀ!" ದೂರದಲ್ಲಿ ಹಾಲಮ್ಮನ "ಈಗ ಯಾರು ಕಳ್ದೋದ್ರು?" ಎಂಬ ಮಾತೂ ಕೇಳಿತು. ಶಿಲ್ಪ ಓಡಿ ಬಂದಳು. "ಅಕ್ಕಾ, ಕೇರಿನಾಗೆ ಯಾರೂ ಓ ಅನ್ಲಿಲ್ಲ. ಅವರಪ್ಪನ ಹೆಗಲ ಮ್ಯಾಲಿದ್ದ ಕೂಸು ಒಂದೇ ಈ ಕಡೆ ತಿರುಗ್ತು!" ಎಂದವಳೇ ಅತ್ತಳೋ ನಕ್ಕಳೋ ಗೊತ್ತಾಗಲಿಲ್ಲ. ಇಲ್ಲಿ ಅತ್ತೆ ಸೆರಗು ತೆಗೆದು ಕಣ್ಣಿಗೇ ಒತ್ತಿಕೊಂಡಳು.

"ಇನಿಷಿಯಲ್ ಏನು ಮೇಡಂ?" ಎಂದ ಅಂಗಡಿಯ ಹುಡುಗ.

"ಬ್ಯಾಡ!" ಎಂದು ನಾವಿಬ್ಬರೂ ಒಟ್ಟಿಗೆ ಕಿರುಚಿದೆವು.

ಹಿರಿಯೂರು, ಚಿತ್ರದುರ್ಗ, ಹೊಳಲ್ಕೆರೆ ಎಂದು ಬಸ್ಸು ಬದಲಾಯಿಸುತ್ತ, ದುರ್ಗದಲ್ಲಿ ಮಂಡಕ್ಕಿ ಮೆಣಸಿನಕಾಯಿ ತಿನ್ನುತ್ತ, ಶಾಲೆಗೆ ಚಕ್ಕರ್ ಹೊಡೆದ ಹುಡುಗಿಯರ ಹಾಗೆ ತಾಳ್ಯ ಸೇರಿದೆವು. "ನಿಮ್ಮಪ್ಪಂಗೆ ಹೇಳ್ಬ್ಯಾಡ" ಎಂದು ಅತ್ತೆ ದಾರಿಯುದ್ದಕ್ಕೂ ಹೇಳಿದಳು. ನಾನು ಆಣೆ ಮಾಡಿದೆ.

ಭಾನುವಾರ ಮನೆ ತುಂಬ ಜನ, ಹೋಳಿಗೆಯ ವಾಸನೆ. ಹೆಸರು ಹೇಳುವ ಹಕ್ಕು ನನ್ನದು, ಆದರೆ ನಾನೊಬ್ಬಳೇ ಬಗ್ಗಲಿಲ್ಲ. ಅತ್ತೆಯನ್ನೂ ಎಳೆದುಕೊಂಡೆ. ತೊಟ್ಟಿಲ ಆ ಕಡೆಯ ಕಿವಿಗೆ ಅವಳು, ಈ ಕಡೆಯ ಕಿವಿಗೆ ನಾನು, "ಚುಕ್ಕಿ" ಎಂದೆವು. ಕೂಸು ಯಾರ ಕಡೆ ನೋಡಬೇಕೆಂದು ತಿಳಿಯದೆ ಮೇಲೆ ನೋಡಿ ಬೊಚ್ಚುಬಾಯಿ ಬಿಟ್ಟಿತು. ನನ್ನ ಬೆನ್ನಿಗೆ ದಬದಬ ಬಿತ್ತು. ಹಾಲಮ್ಮ ತನ್ನ ಪಾಲಿಗಿಂತ ಜಾಸ್ತಿಯೇ ಗುದ್ದಿದಳು. ಅತ್ತೆಯ ವಯಸ್ಸು ನೋಡಿ ಅವಳ ಬೆನ್ನನ್ನು ಮಾತ್ರ ಯಾರೂ ಮುಟ್ಟಲಿಲ್ಲ.

ಅತ್ತೆ ಬಟ್ಟಲು ತೆಗೆದು ಅಪ್ಪನ ಕೈಗೇ ಕೊಟ್ಟಳು. ಸಭೆ ನಗಲು ತಯಾರಾಯಿತು. ಅಪ್ಪ ಕನ್ನಡಕ ಏರಿಸಿ, ಪರೀಕ್ಷೆಯ ಪೇಪರ್ ತಿದ್ದುವ ಹಾಗೆ ಓದಿದರು. "ಚುಕ್ಕಿ." ತಿರುಗಿಸಿದರು. ಮತ್ತೆ ತಿರುಗಿಸಿದರು. "ಇನಿಷಿಯಲ್ ಎಲ್ಲಿ? ಏನಕ್ಕಾ ಇದು, ಬರೀ ಚುಕ್ಕಿ?"

ನಾನು ಆಣೆ ಮಾಡಿದ್ದೆ, ಬಾಯಿ ಬಿಗಿಹಿಡಿದು ನಿಂತೆ. ಅತ್ತೆಯೇ ಅವರ ಹತ್ತಿರ ಹೋದಳು.

"ನಿಂದೇ ಕಣಪ್ಪ ಅದು. ಅವತ್ತು ನೀನು ಚೀಟಿನಾಗೆ ಇಟ್ಟಿದ್ಯಲ್ಲ, ಆ ಚುಕ್ಕಿ. ಅದನ್ನ ನಾನು ಕಳ್ದಿರ್ಲಿಲ್ಲ, ತೆಗೆದು ಇಟ್ಕಂಡಿದ್ದೆ. ತಗ, ನಿನ್ನ ಚುಕ್ಕಿ."

ಅಪ್ಪ ಬಟ್ಟಲು ನೋಡಿದರು, ತೊಟ್ಟಿಲು ನೋಡಿದರು, ನನ್ನನ್ನು ನೋಡಿದರು. ಕೊನೆಗೆ ಅಕ್ಕನನ್ನು ನೋಡಿದರು. "ತೆಗೆದು ಇಟ್ಕಂಡಿದ್ದೆ ಅಂದ್ರೆ? ಬೇಕಂತಾನೇ ಬಿಡಿಸಿದ್ಯಾ?"

"ಹೂಂ ಕಣೋ. ಬೇಕಂತಾನೇ."

ಮನೆಯಲ್ಲಿ ಹೋಳಿಗೆ ಬೇಯಿಸುವವರೂ ಕೈ ನಿಲ್ಲಿಸಿದ್ದರು. ಅಪ್ಪ ಕನ್ನಡಕ ತೆಗೆದು ಪಂಚೆಯ ತುದಿಯಲ್ಲಿ ಒರೆಸತೊಡಗಿದರು, ಒರೆಸುತ್ತಲೇ ಇದ್ದರು. ಅವರ ಹೆಗಲು ಕುಲುಕುತ್ತಿತ್ತು. ನಗು. ನಾನು ಹುಟ್ಟಿದಾಗಿನಿಂದ ಕಂಡಿರದಂಥ ನಗು, ಕಣ್ಣಲ್ಲಿ ನೀರು ಬರುವಷ್ಟು. ಆಮೇಲೆ ಗಂಡಸರು ಮಾಡಬಾರದ ಶಾಸ್ತ್ರವೊಂದನ್ನು ಮಾಡಿದರು. ಎದ್ದು ನಿಂತು, ಕೈ ಮುಷ್ಟಿ ಹಿಡಿದು, ಅಕ್ಕನ ಬೆನ್ನಿಗೆ ಮೆತ್ತಗೆ ಒಂದು ಗುದ್ದಿದರು.

"ಇದು ವನಜಾಜಿದು" ಎಂದರು.